‘ಬಿಡಿಸದಿದ್ದರೂ’ ಎನ್ನುವ ವಿಶ್ವಾಸ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಧರ್ಮಚಿಂತನೆಯ ಪುಟದಲ್ಲಿ ಕ್ರೈಸ್ತರ ದೈವವಿಶ್ವಾಸವನ್ನು ಕುರಿತು ಈಚೆಗೆ ಪ್ರಕಟವಾದ ಲೇಖನವನ್ನು ನಾನು ಎರಡು ಬಾರಿ ಓದಿದೆ. ದೇವರಲ್ಲಿ ಷರತ್ತಿಲ್ಲದೆ ಭರವಸೆಯಿಡಬೇಕೆಂದು ಲೇಖಕರು ಆರಂಭದಲ್ಲಿಯೇ ಹೇಳುತ್ತಾರೆ. ಆ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಲೇಖನ ಮುಂದುವರಿದಂತೆ, ಅಂಥ ಭರವಸೆಯಿಟ್ಟವರಿಗೆ ಕಾಯಿಲೆ ವಾಸಿಯಾದದ್ದು, ಸಾಲ ತೀರಿದ್ದು, ಕೈತಪ್ಪಿದ ಕೆಲಸ ಮರಳಿ ಸಿಕ್ಕಿದ್ದು ಒಂದರ ಹಿಂದೊಂದರಂತೆ ಬರುತ್ತವೆ. ಕೊನೆಯಲ್ಲಿ, ಪ್ರಾರ್ಥನೆಗೆ ಉತ್ತರ ಸಿಗದವರು ತಮ್ಮ ವಿಶ್ವಾಸದಲ್ಲಿ ಎಲ್ಲಿ ಕೊರತೆಯಿದೆಯೆಂದು ನೋಡಿಕೊಳ್ಳಲಿ ಎಂಬ ಸಲಹೆಯೂ ಇದೆ. ಮೊದಲ ಸಾಲಿನಲ್ಲಿ ಬೇಡವೆಂದ ಷರತ್ತು ಕೊನೆಯ ಸಾಲಿನಲ್ಲಿ ಮರಳಿ ಬಂದಿತಲ್ಲ ಎಂದು ನನಗೆ ಸಂಕಟವಾಯಿತು. ಈ ಪತ್ರ ಆ ಒಂದು ಸಲಹೆಯನ್ನು ಕುರಿತದ್ದು.

ಈ ಸಲಹೆಯನ್ನು ನಾನು ಮೊದಲು ಕೇಳಿದ್ದು ಒಂದು ಆಸ್ಪತ್ರೆಯ ಮಂಚದ ಪಕ್ಕದಲ್ಲಿ. ನನ್ನ ಅಕ್ಕ ಕ್ಯಾನ್ಸರ್‌ನಿಂದ 14 ತಿಂಗಳು ನರಳಿ ತೀರಿಕೊಂಡಳು. ನೋಡಲು ಬರುತ್ತಿದ್ದವರಲ್ಲಿ ಬಹುಪಾಲು ಜನ ಅವಳ ಕೈಹಿಡಿದು ಕೂರುತ್ತಿದ್ದರು, ಒಂದು ಕೀರ್ತನೆ ಓದುತ್ತಿದ್ದರು, ಪ್ರಾರ್ಥಿಸಿ ಹೋಗುತ್ತಿದ್ದರು. ಅವರ ಋಣ ದೊಡ್ಡದು. ಆದರೆ ಒಂದು ಸಂಜೆ ಬಂದವರೊಬ್ಬರು ಪ್ರಾರ್ಥನೆ ಮುಗಿಸಿ ಬೈಬಲನ್ನು ಮುಚ್ಚುತ್ತಾ, “ಅಮ್ಮಾ, ಕರ್ತನು ಗುಣಪಡಿಸುವುದಕ್ಕೆ ಸಿದ್ಧನಿದ್ದಾನೆ, ತಡೆಯಿರುವುದು ನಿಮ್ಮಲ್ಲೇ, ಮನಸ್ಸಿನಲ್ಲಿ ಯಾವುದೋ ಅವಿಶ್ವಾಸ ಉಳಿದುಕೊಂಡಿದೆ, ಅದನ್ನು ಅರಿಕೆಮಾಡಿ” ಎಂದರು. ಅಕ್ಕ ಏನೂ ಹೇಳಲಿಲ್ಲ. ಅವರು ಹೋದ ಮೇಲೆ ಹೊದಿಕೆಯ ಅಂಚನ್ನು ಬೆರಳಿನಲ್ಲಿ ಮಡಿಸುತ್ತಾ ಬಿಡಿಸುತ್ತಾ ಬಹಳ ಹೊತ್ತು ಸುಮ್ಮನಿದ್ದು, “ನಾನು ಏನನ್ನು ನಂಬದೆ ಬಿಟ್ಟಿದ್ದೀನೋ, ನಿನಗೇನಾದರೂ ಗೊತ್ತೇನೋ?” ಎಂದು ನನ್ನನ್ನು ಕೇಳಿದಳು. ಸೂಜಿಗೆ, ಔಷಧಕ್ಕೆ, ರಾತ್ರಿಯಿಡೀ ಬಿಡದ ನೋವಿಗೆ ಅಳದವಳ ಕಣ್ಣಿನಲ್ಲಿ ಅಂದು ನೀರು ತುಂಬಿತ್ತು. ರೋಗ ಅವಳ ದೇಹವನ್ನು ಸವೆಸಿತ್ತು. ಆ ಮಾತು ಅವಳಿಗೆ ಉಳಿದಿದ್ದ ಒಂದೇ ಆಸರೆಗೆ ಕೈಹಾಕಿತು. ಹಾಗೆಂದವರು ಕೆಟ್ಟವರೆಂದು ನಾನು ಭಾವಿಸಿಲ್ಲ. ಅವರಿಗೂ ಯಾರೋ ಹಾಗೆಯೇ ಕಲಿಸಿದ್ದರು. ಆದ್ದರಿಂದಲೇ ಕಲಿಸುವ ಮಾತು ಸತ್ಯವೇದಕ್ಕೆ, ಎಂದರೆ ಬೈಬಲಿಗೆ, ಹೊಂದುತ್ತದೆಯೇ ಎಂದು ಕೇಳುವುದು ಅಗತ್ಯವಾಗಿದೆ.

ಸತ್ಯವೇದದಲ್ಲಿ ವಿಶ್ವಾಸದ ಷರತ್ತನ್ನು ಕುರಿತ ಪ್ರಶ್ನೆ ಬಹಳ ಸ್ಪಷ್ಟವಾಗಿ ಎದ್ದಿರುವುದು, ನೀತಿವಂತನಾಗಿದ್ದೂ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗ್ರಂಥದಲ್ಲಿ. ಅದನ್ನು ಕೇಳುವವನು ಯಾರೆಂಬುದನ್ನು ನಾವು ಮರೆಯಬಾರದು. ‘ಯೋಬನು ಸುಮ್ಮನೆ ದೇವರಿಗೆ ಭಯಪಡುತ್ತಾನೆಯೇ?’ ಎಂದು ಮೊದಲನೆಯ ಅಧ್ಯಾಯದಲ್ಲಿ ಕೇಳುವವನು ಸೈತಾನ. ಅವನ ವಾದ ಸರಳ: ಸುತ್ತಲೂ ಬೇಲಿ ಹಾಕಿ ಕಾಪಾಡುತ್ತಿದ್ದೀಯೆ, ಕೈಹಾಕಿದ ಕೆಲಸವನ್ನೆಲ್ಲ ಹರಸುತ್ತಿದ್ದೀಯೆ, ಅದಕ್ಕೇ ಅವನು ಭಕ್ತ, ಕೊಟ್ಟದ್ದನ್ನು ಕಿತ್ತುಕೋ, ಮುಖದೆದುರೇ ನಿನ್ನನ್ನು ದೂಷಿಸುತ್ತಾನೆ. ಅಂದರೆ ಮನುಷ್ಯನ ದೈವಭಕ್ತಿ ಎಂಬುದು ಕೊಟ್ಟು ಕೊಳ್ಳುವ ವ್ಯವಹಾರವಲ್ಲದೆ ಬೇರೇನೂ ಆಗಿರಲಾರದು ಎಂಬುದು ಸೈತಾನನ ಸಿದ್ಧಾಂತ. ಇದರ ಎದುರು, ಮನುಷ್ಯನು ‘ಸುಮ್ಮನೆ’ಯೂ ತನ್ನನ್ನು ನೆಚ್ಚಬಲ್ಲನು ಎಂದು ಮನುಷ್ಯನ ಪರವಾಗಿ ಭರವಸೆಯಿಡುವವನು ದೇವರೇ. ಮೂಲದ ಇಬ್ರಿಯ ಭಾಷೆಯಲ್ಲಿ ಸೈತಾನನ ಆ ‘ಸುಮ್ಮನೆ’ಗೆ ಇರುವ ಪದ ‘ಹಿನ್ನಾಮ್’. ಎರಡನೆಯ ಅಧ್ಯಾಯದಲ್ಲಿ ದೇವರು ಸೈತಾನನಿಗೆ, ನೀನು ಅವನನ್ನು ನಿಷ್ಕಾರಣವಾಗಿ ಹಾಳುಮಾಡುವಂತೆ ನನ್ನನ್ನು ಪ್ರೇರಿಸಿದೆ ಎನ್ನುವಾಗಲೂ ಬರುವುದು ಅದೇ ಪದ. ಕನ್ನಡದ ‘ಸುಮ್ಮನೆ’ ಈ ಎರಡು ಕಡೆಗೂ ಹೊಂದುತ್ತದೆ: ಲಾಭದ ಕಾರಣವಿಲ್ಲದ ಭಕ್ತಿ, ತಪ್ಪಿನ ಕಾರಣವಿಲ್ಲದ ಸಂಕಟ. ಇವೆರಡನ್ನೂ ಒಂದೇ ಪದದಿಂದ ಹೆಣೆದ ಆ ಗ್ರಂಥಕರ್ತನು ನಮಗೆ ಹೇಳುತ್ತಿರುವುದನ್ನು ಕೇಳಿಸಿಕೊಳ್ಳಬೇಕು. ಕಾರಣವಿಲ್ಲದ ಸಂಕಟವೆಂಬುದು ಇದೆಯೆಂದು ಒಪ್ಪದವನಿಗೆ ಕಾರಣವಿಲ್ಲದ ಭಕ್ತಿಯೂ ಅರ್ಥವಾಗುವುದಿಲ್ಲ.

ಯೋಬನ ಸ್ನೇಹಿತರು ಅದನ್ನು ಒಪ್ಪಲಿಲ್ಲ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದಾಗ ಅವರು ನಿಜವಾದ ಸ್ನೇಹಿತರಾಗಿದ್ದರು. ಬಾಯಿ ತೆರೆದ ಮೇಲೆ ಅವನ ಗಾಯದ ಮೇಲೆ ಬರೆಯೆಳೆದರು. ದೇವರು ನ್ಯಾಯವಂತ, ನೀನು ನರಳುತ್ತಿದ್ದೀಯೆ, ಹಾಗಾದರೆ ತಪ್ಪು ನಿನ್ನದೇ ಎಂಬುದು ಅವರ ತರ್ಕ. ಯೋಬನಾದರೋ ಕೂಗಾಡಿದನು, ಹುಟ್ಟಿದ ದಿನವನ್ನು ಶಪಿಸಿದನು, ದೇವರನ್ನೇ ವಾದಕ್ಕೆ ಕರೆದನು. ಆದರೂ 42ನೆಯ ಅಧ್ಯಾಯದಲ್ಲಿ ದೇವರು ಕೋಪಗೊಳ್ಳುವುದು ತನ್ನ ಪರವಾಗಿ ವಕಾಲತ್ತು ವಹಿಸಿದ ಆ ಸ್ನೇಹಿತರ ಮೇಲೆ. ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಯಥಾರ್ಥವಾದುದನ್ನು ಆಡಲಿಲ್ಲ ಎಂದು ಅವರಲ್ಲೊಬ್ಬನಾದ ಎಲೀಫಜನಿಗೆ ಹೇಳಿ, ಅವರಿಗಾಗಿ ಪ್ರಾರ್ಥಿಸುವ ಕೆಲಸವನ್ನು ಯೋಬನಿಗೇ ಒಪ್ಪಿಸುತ್ತಾನೆ. ಬಿರುಗಾಳಿಯೊಳಗಿಂದ ಮಾತನಾಡಿದ ದೇವರು ಭೂಮಿಯ ಅಸ್ತಿವಾರವನ್ನು ಕುರಿತು, ಕಾಡುಮೇಕೆ ಈಯುವ ಕಾಲವನ್ನು ಕುರಿತು ಯೋಬನನ್ನು ಪ್ರಶ್ನಿಸುತ್ತಾನಲ್ಲದೆ, ಸೈತಾನನೊಂದಿಗೆ ನಡೆದ ಆ ಮೊದಲ ಮಾತುಕತೆಯನ್ನು ಕೊನೆಯವರೆಗೂ ಅವನಿಗೆ ತಿಳಿಸುವುದೇ ಇಲ್ಲ. ಓದುವ ನಮಗೆ ಗೊತ್ತಿರುವ ಕಾರಣ ನರಳಿದವನಿಗೆ ಗೊತ್ತಾಗಲಿಲ್ಲ. ಅವನಿಗೆ ಸಿಕ್ಕಿದ್ದು ಕಾರಣವಲ್ಲ, ದೇವರು.

ಇಷ್ಟು ಹೇಳಿದ ಮೇಲೆ, ಷರತ್ತಿಟ್ಟು ನಂಬುವವರನ್ನು ನಾನು ಹೀಗಳೆಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಮನೆಬಿಟ್ಟು ಓಡಿಹೋಗುತ್ತಿದ್ದ ಯಾಕೋಬನು ಬೇತೇಲಿನಲ್ಲಿ ಹರಕೆ ಹೊತ್ತ ಬಗೆಯನ್ನು ಆದಿಕಾಂಡದ 28ನೆಯ ಅಧ್ಯಾಯದಲ್ಲಿ ಓದಿ. ದೇವರು ನನ್ನ ಸಂಗಡ ಇದ್ದು, ದಾರಿಯಲ್ಲಿ ಕಾಪಾಡಿ, ಉಣ್ಣಲು ಆಹಾರವನ್ನೂ ಉಡಲು ಬಟ್ಟೆಯನ್ನೂ ಕೊಟ್ಟು, ತಂದೆಯ ಮನೆಗೆ ಸುರಕ್ಷಿತವಾಗಿ ಮರಳಿಸಿದರೆ ಯೆಹೋವನೇ ನನಗೆ ದೇವರು. ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ಆತನಿಗೆ. ಇದಕ್ಕಿಂತ ಬಿಚ್ಚಿಟ್ಟ ಷರತ್ತು ಮತ್ತೊಂದಿಲ್ಲ. ಆದರೂ ದೇವರು ಅವನನ್ನು ತಳ್ಳಿಬಿಡಲಿಲ್ಲ, ಹರಕೆಯನ್ನು ಹೊತ್ತುಕೊಂಡೇ ನಡೆದವನ ಜೊತೆ 20 ವರ್ಷ ನಡೆದನು. ಹೆದರಿದ ಮನುಷ್ಯನ ಮೊದಲ ಪ್ರಾರ್ಥನೆ ಬಹುಶಃ ಹೀಗೆಯೇ ಇರುತ್ತದೆ. ಅಕ್ಕನ ಕಾಯಿಲೆಯ ಮೊದಲ ತಿಂಗಳುಗಳಲ್ಲಿ ನಾನೂ ಹೀಗೆಯೇ ಬೇಡಿದೆ. ಅವಳನ್ನು ಉಳಿಸು, ನಾನು ಇಂಥದ್ದನ್ನು ಬಿಡುತ್ತೇನೆ, ಇಂಥದ್ದನ್ನು ಕೊಡುತ್ತೇನೆ ಎಂದು ಉಪವಾಸವಿದ್ದು ಬೇಡಿದೆ. ಆ ಪ್ರಾರ್ಥನೆಗೆ ಈಗಲೂ ನಾನು ನಾಚುವುದಿಲ್ಲ. ಆರಂಭದ ಹರಕೆಯನ್ನೇ ವಿಶ್ವಾಸದ ಪೂರ್ಣರೂಪವೆಂದು ಬೋಧಿಸುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಲೇಖಕರ ಪಕ್ಷಕ್ಕೂ ವಚನಗಳಿವೆ ಎಂಬುದನ್ನು ನಾನು ಮರೆಮಾಚಲಾರೆ. ರಕ್ತಸ್ರಾವದ ಹೆಂಗಸಿಗೆ, ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು ಎಂದು ಯೇಸು ಹೇಳಿದ್ದುಂಟು. ನಜರೇತಿನಲ್ಲಿ ಜನರ ಅಪನಂಬಿಕೆಯನ್ನು ಕಂಡು ಆತನು ಬೆರಗಾದನೆಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಆದರೆ ‘ಅಲ್ಪವಿಶ್ವಾಸಿಗಳೇ’ ಎಂಬ ಗದರಿಕೆ ಯಾರ ಮೇಲೆ ಬೀಳುತ್ತದೆಂದು ಗಮನಿಸಬೇಕು. ಬಿರುಗಾಳಿಗೆ ಹೆದರಿದ ಶಿಷ್ಯರ ಮೇಲೆ, ನೀರಿನ ಮೇಲೆ ನಡೆಯಹೋಗಿ ಮುಳುಗತೊಡಗಿದ ಪೇತ್ರನ ಮೇಲೆ. ಮತ್ತಾಯನ 17ನೆಯ ಅಧ್ಯಾಯದಲ್ಲಿ ಮೂರ್ಛೆರೋಗದ ಹುಡುಗನು ಗುಣವಾಗದೆ ಹೋದಾಗ, ವಿಶ್ವಾಸ ಸಾಲದೆಂದು ಯೇಸು ಹೇಳಿದ್ದು ಗುಣಪಡಿಸಲು ಹೋದ ಶಿಷ್ಯರಿಗೆ, ಆ ಹುಡುಗನಿಗಲ್ಲ. ಅದೇ ಪ್ರಸಂಗವನ್ನು ಮಾರ್ಕನು ಹೇಳುವಾಗ ಹುಡುಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಕೂಗುತ್ತಾನೆ. ಯೇಸು ಅಷ್ಟನ್ನೇ ಸಾಕೆಂದು ಸ್ವೀಕರಿಸುತ್ತಾನೆ. ಬೇತ್ಸಥಾ ಕೊಳದ ಬಳಿ ಬಿದ್ದಿದ್ದ, 38 ವರ್ಷಗಳಿಂದ ರೋಗಿಯಾಗಿದ್ದವನಿಗೆ ತನ್ನನ್ನು ಎಬ್ಬಿಸಿದವನು ಯಾರೆಂಬುದೂ ತಿಳಿದಿರಲಿಲ್ಲ. ಗುಣಕ್ಕಾಗಿ ಅಂಗಲಾಚಿ ಬಂದ ರೋಗಿಯೊಬ್ಬನನ್ನು, ನಿನ್ನ ವಿಶ್ವಾಸ ಸಾಲದೆಂದು ಯೇಸು ಬರಿಗೈಯಲ್ಲಿ ಹಿಂದಕ್ಕೆ ಕಳಿಸಿದ ಒಂದು ಪ್ರಸಂಗವೂ ನಾಲ್ಕು ಸುವಾರ್ತೆಗಳಲ್ಲಿ ಇಲ್ಲ. ಕರ್ತನು ಆಡದ ಮಾತನ್ನು ಕರ್ತನ ಹೆಸರಿನಲ್ಲಿ ರೋಗಿಗಳಿಗೆ ಆಡುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವು ನನ್ನನ್ನು ಬಹಳ ಕಾಲ ಕಾಡಿದೆ. ಅರಸನಾದ ಹೆರೋದನು ಯೇಸುವಿನ ಶಿಷ್ಯನೂ ಯೋಹಾನನ ಅಣ್ಣನೂ ಆದ ಇನ್ನೊಬ್ಬ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನೆಂದು ಒಂದೇ ವಾಕ್ಯದಲ್ಲಿ ಅಲ್ಲಿ ಹೇಳಿ ಮುಗಿಸಲಾಗಿದೆ; ಪೇತ್ರನನ್ನು ದೂತನು ಸೆರೆಮನೆಯಿಂದ ಬಿಡಿಸಿದ್ದಕ್ಕೆ ಹತ್ತಾರು ವಾಕ್ಯಗಳಿವೆ. ಇಬ್ಬರೂ ಯೇಸುವಿನ ಅಂತರಂಗದ ಶಿಷ್ಯರು, ಇಬ್ಬರೂ ಯೇಸು ತೇಜಸ್ಸಿನಿಂದ ಹೊಳೆದ ರೂಪಾಂತರದ ಬೆಟ್ಟವನ್ನು ಆತನೊಂದಿಗೆ ಹತ್ತಿದವರು. ಯಾಕೋಬನ ವಿಶ್ವಾಸ ಪೇತ್ರನದಕ್ಕಿಂತ ಕಡಿಮೆಯಿತ್ತೆಂದು ಆ ಗ್ರಂಥವನ್ನು ಬರೆದ ಲೂಕನು ಎಲ್ಲಿಯೂ ಸೂಚಿಸುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿಯೂ ಹೀಗೆಯೇ: ನಂಬಿಕೆಯಿಂದ ಸಿಂಹಗಳ ಬಾಯಿ ಮುಚ್ಚಿಸಿದವರು, ಕತ್ತಿಯ ಬಾಯಿಂದ ತಪ್ಪಿಸಿಕೊಂಡವರು, ಸತ್ತವರನ್ನು ಮರಳಿ ಪಡೆದ ಹೆಂಗಸರು ಎಂದು ಸಾಗುವ ಮಾತು 35ನೆಯ ವಚನದ ನಡುವೆಯೇ ತಿರುಗಿ, ಬೇರೆ ಕೆಲವರು ಎಂದು ಆರಂಭಿಸಿ, ಕಲ್ಲೆಸೆತಕ್ಕೆ, ಗರಗಸಕ್ಕೆ, ಕತ್ತಿಗೆ ಸಿಕ್ಕಿದವರನ್ನು ಹೆಸರಿಸುತ್ತದೆ. ಗೆದ್ದವರಿಗೂ ಸತ್ತವರಿಗೂ ಅಲ್ಲಿ ಸಿಗುವ ಸಾಕ್ಷಿ ಒಂದೇ. ಆದಿಸಭೆಯ ಬೋಧಕನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ತೆಗೆಯಲ್ಪಡಲೆಂದು ಮೂರು ಸಾರಿ ಬೇಡಿದನು, ಅದು ಉಳಿಯಿತು. ಅವನಿಗೆ ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ. ಜೊತೆಗಾರನಾದ ತ್ರೊಫಿಮನನ್ನು ಮಿಲೇತ ಎಂಬ ಊರಿನಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆನೆಂದು ಅದೇ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುವಾಗ ಅದರಲ್ಲಿ ದೂಷಣೆಯ ಒಂದು ಅಕ್ಷರವೂ ಇಲ್ಲ.

ಹಾಗಾದರೆ ಷರತ್ತಿಲ್ಲದ ಭರವಸೆಗೆ ಆಧಾರವೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಫಲಿತಾಂಶ ಆಧಾರವಲ್ಲವೆಂದ ಮಾತ್ರಕ್ಕೆ ಅದು ಕಣ್ಣುಮುಚ್ಚಿ ಬಾವಿಗೆ ಹಾರಿದಂತಲ್ಲ. ಪ್ರಾರ್ಥನೆಯ ಕೊನೆಗೆ ನಾವು ಹೇಳುವ ‘ಆಮೆನ್’ ಎಂಬ ಪದದ ಇಬ್ರಿಯ ಮೂಲಕ್ಕೆ ಗಟ್ಟಿಯಾಗಿರುವುದು, ಕದಲದಿರುವುದು ಎಂಬ ಅರ್ಥವಿದೆ. ನಂಬಿಕೆಗೆ ಇಬ್ರಿಯರು ಬಳಸುವ ಪದವೂ ಅದೇ ಮೂಲದ್ದು. ಗಟ್ಟಿತನ ನಂಬುವವನದಲ್ಲ, ನಂಬಿಸಿಕೊಂಡವನದು. ತನ್ನ ಸ್ವಂತ ಮಗನನ್ನು ಉಳಿಸಿಕೊಳ್ಳದೆ ನಮಗಾಗಿ ಒಪ್ಪಿಸಿಕೊಟ್ಟವನು ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯ ಹೇಳುವಾಗ, ದೇವರು ಎಂಥವನೆಂಬುದು ಶಿಲುಬೆಯಲ್ಲಿ ಒಮ್ಮೆಗೇ ತೀರ್ಮಾನವಾಗಿದೆ, ನಮ್ಮ ಈ ತಿಂಗಳ ವೈದ್ಯಕೀಯ ವರದಿಯಿಂದ ಅದು ಬದಲಾಗುವುದಿಲ್ಲ ಎಂಬುದೇ ಅದರ ತಿರುಳು. ಪ್ರೊಟೆಸ್ಟಂಟ್ ವಿಶ್ವಾಸವನ್ನು ಕಲಿಸಲು 1563ರಲ್ಲಿ ಹೊರಬಂದ ಹೈಡೆಲ್‌ಬರ್ಗ್ ಪ್ರಶ್ನೋತ್ತರಮಾಲೆಯ ಮೊದಲ ಪ್ರಶ್ನೆ, ಬದುಕಿನಲ್ಲಿಯೂ ಸಾವಿನಲ್ಲಿಯೂ ನಿನಗಿರುವ ಒಂದೇ ಸಮಾಧಾನ ಯಾವುದು ಎಂಬುದು. ದೇಹದಲ್ಲಿಯೂ ಆತ್ಮದಲ್ಲಿಯೂ ನಾನು ನನ್ನವನಲ್ಲ, ಯೇಸು ಕ್ರಿಸ್ತನಿಗೆ ಸೇರಿದವನು ಎಂಬುದು ಅದರ ಉತ್ತರ. ಏನು ದೊರೆಯಿತು ಎಂಬುದರ ಮೇಲಲ್ಲ, ಯಾರಿಗೆ ಸೇರಿದ್ದೇನೆ ಎಂಬುದರ ಮೇಲೆ ಸಮಾಧಾನವನ್ನು ನಿಲ್ಲಿಸಿದ ಉತ್ತರವದು.

ಇಂಥ ವಿಶ್ವಾಸವನ್ನು ಕೈಚೆಲ್ಲಿ ಕೂರುವುದೆಂದು, ಮದ್ದು ಬೇಡವೆನ್ನುವುದೆಂದು ಅರ್ಥಮಾಡುವವರೂ ಇದ್ದಾರೆ. ದೇವಾಲಯದ ಶಿಖರದ ಮೇಲೆ ಯೇಸುವನ್ನು ನಿಲ್ಲಿಸಿ, ಕೆಳಕ್ಕೆ ದುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂದು 91ನೆಯ ಕೀರ್ತನೆಯನ್ನು ಬಾಯಿಪಾಠ ಒಪ್ಪಿಸಿದವನು ಸೈತಾನ; ನಿನ್ನ ದೇವರನ್ನು ಪರೀಕ್ಷಿಸಬಾರದು ಎಂದು ಧರ್ಮೋಪದೇಶಕಾಂಡದ ಮಾತಿನಿಂದ ಯೇಸು ಅದನ್ನು ನಿರಾಕರಿಸಿದನು. ಯೆಶಾಯನು ಅರಸನಾದ ಹಿಜ್ಕೀಯನ ಹುಣ್ಣಿಗೆ ಅಂಜೂರದ ಪಟ್ಟಿ ಹಾಕಿಸಿದನು, ಪೌಲನ ಜೊತೆಗಾರರಲ್ಲಿ ಲೂಕನು ವೈದ್ಯನಾಗಿದ್ದನು. ವೈದ್ಯರ ಬಳಿ ಹೋಗುವುದು ಅವಿಶ್ವಾಸವೆಂದು ಬೋಧಿಸುವವರು ರೋಗಿಯ ಪ್ರಾಣವನ್ನು ಶಿಖರದ ಅಂಚಿಗೆ ತಂದು ನಿಲ್ಲಿಸುತ್ತಿದ್ದಾರೆ. ಇದನ್ನು ಮೆತ್ತಗೆ ಹೇಳುವ ಮನಸ್ಸು ನನಗಿಲ್ಲ. ಹಾಗೆಯೇ, ದೇವರಿಗೆ ಮಾತ್ರ ಸಲ್ಲಬೇಕಾದ ಷರತ್ತಿಲ್ಲದ ಭರವಸೆಯನ್ನು ತಮಗೂ ಸಲ್ಲಿಸಬೇಕೆಂದು ಬಯಸುವ ಬೋಧಕರನ್ನು ಕಂಡಾಗ, ಪೌಲನ ಬೋಧನೆಯನ್ನೇ ಪ್ರತಿದಿನ ಶಾಸ್ತ್ರಗಳೊಂದಿಗೆ ಹೋಲಿಸಿ ನೋಡಿದ ಬೆರೋಯ ಎಂಬ ಊರಿನವರನ್ನು ಸತ್ಯವೇದ ಹೊಗಳಿದೆಯೆಂಬುದನ್ನು ವಿಶ್ವಾಸಿಗಳು ನೆನೆಯಬೇಕು.

ಅಳುವುದೂ ಅವಿಶ್ವಾಸವಲ್ಲ. 88ನೆಯ ಕೀರ್ತನೆಯು ಕತ್ತಲೆಯ ಮಾತಿನೊಂದಿಗೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಆದರೂ ಅದು ಪ್ರಾರ್ಥನೆಯ ಪುಸ್ತಕದಲ್ಲಿ ಉಳಿದಿದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಈ ಸಂಕಟದ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಎಂದು ಮೊದಲು ಬೇಡಿದನು, ನಿನ್ನ ಚಿತ್ತವೇ ಆಗಲಿ ಎಂದು ಅನಂತರ ಹೇಳಿದನು; ಮೊದಲನೆಯದನ್ನು ನುಂಗಿಕೊಂಡು ಎರಡನೆಯದನ್ನು ಮಾತ್ರ ಆಡಲಿಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಅವರು ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದ ಕತ್ತಲೆಯಲ್ಲಿ ಪ್ರಾರ್ಥಿಸುತ್ತಾ ಸೇವೆಮಾಡಿದರೆಂದು ತಿಳಿದು ಅನೇಕರು ತಬ್ಬಿಬ್ಬಾದರು. ನನಗೆ ಆ ಪತ್ರಗಳು ಅವರನ್ನು ಇನ್ನಷ್ಟು ಹತ್ತಿರಕ್ಕೆ ತಂದವು. ಹಿಟ್ಲರನ ವಿರೋಧಿಗಳ ಜೊತೆ ಸೇರಿದ್ದಕ್ಕಾಗಿ ಸೆರೆಯಾಗಿದ್ದ ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1944ರ ಡಿಸೆಂಬರಿನಲ್ಲಿ ತಾನು ಮದುವೆಯಾಗಬೇಕಿದ್ದ ಹುಡುಗಿಗೂ ಮನೆಯವರಿಗೂ ಕವಿತೆಯೊಂದನ್ನು ಬರೆದು ಕಳಿಸಿದರು. ದೇವರು ಕಹಿಪಾತ್ರೆಯನ್ನು ಕೊಟ್ಟರೂ ಆ ಒಳ್ಳೆಯ ಕೈಯಿಂದಲೇ ತೆಗೆದುಕೊಳ್ಳುವೆವೆಂಬ ಭಾವ ಅದರಲ್ಲಿದೆ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಎರಡು ವಾರಗಳಲ್ಲಿ ಆ ಶಿಬಿರ ಬಿಡುಗಡೆಯಾಯಿತು. ಆ ಎರಡು ವಾರಗಳನ್ನು ವಿಶ್ವಾಸದ ಯಾವ ಲೆಕ್ಕದಲ್ಲಿ ಬರೆಯಬೇಕು? ವಿಶ್ವಾಸಕ್ಕೆ ತಕ್ಕ ಫಲವೆನ್ನುವ ಬೋಧನೆಯ ಬಳಿ ಇದಕ್ಕೆ ಉತ್ತರವಿಲ್ಲ.

ಮತ್ತೆ ಅಕ್ಕನ ವಿಷಯಕ್ಕೆ ಬರುತ್ತೇನೆ. ಆ ಸಂಜೆಯಾದ ಕೆಲವು ವಾರಗಳ ಮೇಲೆ, ತಾನೇ ಪುಸ್ತಕ ಹಿಡಿಯಲಾರದ ಸ್ಥಿತಿಯಲ್ಲಿದ್ದಾಗ, ದಾನಿಯೇಲನ ಗ್ರಂಥದ 3ನೆಯ ಅಧ್ಯಾಯವನ್ನು ಓದು ಎಂದಳು. ಓದಿದೆ. ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನು ನಿಲ್ಲಿಸಿದ 60 ಮೊಳದ ಬಂಗಾರದ ಪ್ರತಿಮೆ, ಅದಕ್ಕೆ ಅಡ್ಡಬೀಳದ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು, ಅವರಿಗೆ ತೋರಿಸಿದ ಉರಿಯುವ ಆವಿಗೆ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು, ಬಿಡಿಸದಿದ್ದರೂ ಅರಸನೇ, ನಾವು ಈ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದು ಅವರು ಹೇಳುವ 18ನೆಯ ವಚನಕ್ಕೆ ಬಂದಾಗ ಅಕ್ಕ ನನ್ನ ಮುಂಗೈಯ ಮೇಲೆ ಕೈಯಿಟ್ಟು, “ಸಾಕು, ಮುಂದೆ ಓದಬೇಡ” ಎಂದಳು. ಮುಂದೆ ಇರುವುದು ನಮಗೆಲ್ಲ ಬಾಲ್ಯದಿಂದ ಗೊತ್ತಿರುವ ಭಾಗ: ಏಳರಷ್ಟು ಹೆಚ್ಚಿಸಿದ ಉರಿ, ಬೆಂಕಿಯೊಳಗೆ ಕಂಡ ನಾಲ್ಕನೆಯವನು, ಕೂದಲೂ ಸುಡದೆ ಹೊರಬಂದ ಮೂವರು. “ಆ ಮಾತು ಹೇಳಿದಾಗ ಅವರಿಗೆ ಮುಂದಿನದು ಗೊತ್ತಿರಲಿಲ್ಲ ಅಲ್ಲವೇನೋ? ನಾನೂ ಅಲ್ಲಿಯವರೆಗೇ ಬಂದಿದ್ದೀನಿ. ಇಲ್ಲೇ ನಿಲ್ಲಿಸು” ಎಂದಳು. ನಾನು ಪುಸ್ತಕವನ್ನು ಮುಚ್ಚದೆ ಆ ಪುಟದಲ್ಲೇ ತೆರೆದು ಮಂಚದ ಪಕ್ಕದ ಮೇಜಿನ ಮೇಲಿಟ್ಟೆ. ನಾಲ್ಕು ದಿನಗಳ ಮೇಲೆ ಅವಳು ತೀರಿಕೊಂಡಾಗಲೂ ಅದು ಅಲ್ಲಿಯೇ ತೆರೆದಿತ್ತು.

ಅವಳ ವಿಶ್ವಾಸದಲ್ಲಿ ಕೊರತೆಯಿತ್ತೆಂದು ಲೇಖಕರು ನನ್ನ ಮುಂದೆ ಕುಳಿತು ಹೇಳಲಾರರೆಂದು ನಾನು ನಂಬಿದ್ದೇನೆ. ಮುಖಾಮುಖಿ ಹೇಳಲಾಗದ ಮಾತು ಅಚ್ಚಿನಲ್ಲಿಯೂ ಬರಬಾರದೆಂಬುದು ನನ್ನ ವಿನಂತಿ. ಅದನ್ನು ಓದುವವರಲ್ಲಿ ಇಂದು ಯಾರದೋ ಮಂಚದ ಪಕ್ಕ ಕುಳಿತವರಿದ್ದಾರೆ, ಮಂಚದ ಮೇಲೆ ಮಲಗಿದವರೂ ಇದ್ದಾರೆ.

ಸಂಪಾದಕರಲ್ಲಿ ಇನ್ನೊಂದು ಬೇಡಿಕೆಯಿದೆ. ತಮ್ಮ ಪುಟದಲ್ಲಿ ಪ್ರಾರ್ಥನೆಗೆ ಉತ್ತರ ಪಡೆದವರ ಸಾಕ್ಷಿಗಳು ಆಗಾಗ ಬರುತ್ತವೆ. ಅವು ಬರಲಿ, ಆ ಸಂತೋಷದಲ್ಲಿ ನಾವೂ ಪಾಲುಗಾರರು. ಆದರೆ ಬೇಡಿಕೊಂಡ ಮಗು ಬದುಕದೆ ಹೋದ ಮೇಲೆಯೂ ಭಾನುವಾರ ಬಂದು ಅದೇ ಬೆಂಚಿನಲ್ಲಿ ಕೂರುವ ತಾಯಿಯನ್ನು, ಹತ್ತು ವರ್ಷಗಳಿಂದ ವಾಸಿಯಾಗದ ನೋವಿನೊಂದಿಗೆ ಎದ್ದು ನಿಂತು ಸ್ತೋತ್ರ ಹಾಡುವ ಮುದುಕರನ್ನು ಯಾರೂ ಸಾಕ್ಷಿ ಹೇಳಲು ಕರೆಯುವುದಿಲ್ಲ. ಅವರಿಗೂ ಒಂದು ವಾರ ಆ ಅಂಕಣವನ್ನು ಬಿಟ್ಟುಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ